ಇಲ್ಲದವರ ಭಾಷೆ

ಬೈಂದೂರಿನಿಂದ ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲಿ ಕುಳಿತವನಿಗೆ ಕಣ್ಣಿಗೂ ಹಬ್ಬ, ಕಿವಿಗೂ ಹಬ್ಬ. ಮರವಂತೆಯಲ್ಲಿ ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಇದು ಕಣ್ಣಿನ ಪಾಲು. ಕಿವಿಯ ಪಾಲು ಅದಕ್ಕೂ ದೊಡ್ಡದು. ಶಿರೂರಿನ ಕಡೆಯಿಂದ ಬಂದವರು ತಮ್ಮತಮ್ಮೊಳಗೆ ನವಾಯತಿ ಆಡುತ್ತಿರುತ್ತಾರೆ. ಗಂಗೊಳ್ಳಿಗೆ ಹೋಗುವ ಖಾರ್ವಿ ಹೆಂಗಸರು ಕೊಂಕಣಿಯಲ್ಲಿ ಮೀನಿನ ಕ್ರಯದ ಲೆಕ್ಕ ಹಾಕುತ್ತಾರೆ. ಕುಂದಾಪುರದಲ್ಲಿ ಹತ್ತಿದವರು 'ಹ್ವಾಯ್' ಎಂದು ಒಬ್ಬರನ್ನೊಬ್ಬರು ಕರೆಯುತ್ತ, ಹಳಗನ್ನಡದ ಬಪ್ಪುದು ಹೋಪುದುಗಳನ್ನು ಇಂದಿನ ಬೆಳಗಿನ ಮಾತೆಂಬಂತೆ ಬಳಸುತ್ತಾರೆ. ಬ್ರಹ್ಮಾವರ ಹತ್ತಿರವಾದಂತೆ ತುಳುವಿನ ದನಿ ಏರುತ್ತದೆ.

ಇವುಗಳಲ್ಲಿ ಒಂದು ನನ್ನ ಮನೆಮಾತು, ಒಂದು ಅರ್ಧಂಬರ್ಧ ತಿಳಿಯುವ ಮಾತು, ಉಳಿದವು ನನಗೆ ದನಿ ಮಾತ್ರ. ಆದರೂ ಅವುಗಳನ್ನು ಬರಿಯ ದನಿಯೆಂದು ನಾನು ಎಂದೂ ಭಾವಿಸಿಲ್ಲ. ಆಡುವವರ ಮುಖ ನೋಡಿ, ಈಕೆ ಮಗಳ ಮದುವೆಯ ಮಾತಾಡುತ್ತಿದ್ದಾಳೆ, ಈತ ಯಾರದೋ ಸಾಲದ ಮಾತಾಡುತ್ತಿದ್ದಾನೆ ಎಂದು ಊಹಿಸಿಕೊಂಡು ಹೋಗುತ್ತೇನೆ. ಅರ್ಥ ನನಗೆ ತಿಳಿಯದು. ಅರ್ಥವಿದೆ ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ. ತಿಳಿಯುವುದಕ್ಕೆ ಮುಂಚೆಯೇ ಹುಟ್ಟುವ ಈ ನಂಬಿಕೆ ಎಲ್ಲಿಂದ ಬರುತ್ತದೆ? ಕೆಲವರ ವಿಷಯದಲ್ಲಿ ಮಾತ್ರ ಅದು ಏಕೆ ಬರುವುದಿಲ್ಲ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನನ್ನ ಮನೆಯ ಜಗಲಿಯ ಮೇಲೆ ಹುಟ್ಟಿದ್ದು. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುವ ಸಂಗತಿ. ಆದರೂ ಹೇಳದೆ ಮುಂದೆ ಹೋಗುವಂತಿಲ್ಲ.

2015ರ ಮಳೆಗಾಲ. 'ಬಾಹುಬಲಿ' ಚಿತ್ರ ಆಗಷ್ಟೇ ಬಂದಿತ್ತು. ನನ್ನ ಮಗನೂ ಅವನ ದೊಡ್ಡಪ್ಪನ ಮಕ್ಕಳೂ ಉಡುಪಿಗೆ ಹೋಗಿ ಅದನ್ನು ನೋಡಿ ಬಂದಿದ್ದರು. ಮರುದಿನದಿಂದ ಮನೆಯಲ್ಲಿ ಕನ್ನಡ ಮಾಯವಾಯಿತು. ಆ ಚಿತ್ರದಲ್ಲಿ ಕಾಲಕೇಯರೆಂಬ ಕಾಡುಜನರ ದಂಡೊಂದು ಬರುತ್ತದೆ. ಅವರ ನಾಯಕ ನಾಲಗೆ ಲೊಟಗುಟ್ಟಿಸುತ್ತ ಯಾರಿಗೂ ತಿಳಿಯದ ಭಾಷೆಯಲ್ಲಿ ಗರ್ಜಿಸುತ್ತಾನೆ. ಮಕ್ಕಳಿಗೆ ಕಥಾನಾಯಕನಿಗಿಂತ ಅವನೇ ಹೆಚ್ಚು ಹಿಡಿಸಿದ್ದ. ಮಳೆಯೆಂದು ಶಾಲೆಗೆ ರಜೆ ಕೊಟ್ಟ ಒಂದು ದಿನ, ಜಗಲಿಯಲ್ಲಿ ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಮಕ್ಕಳು ಅಂಗಳದಂಚಿನಲ್ಲಿ ಆ ನಾಲಗೆಯ ಆಟದಲ್ಲಿದ್ದರು. ಆಗ ಗೆರಸೆ, ಬುಟ್ಟಿಗಳನ್ನು ಹೊತ್ತು ಕೊರಗ ಸಮುದಾಯದ ಮುದುಕಿಯೊಬ್ಬಳು ಬಂದಳು. ಅವಳು ನಮ್ಮ ಮನೆಗೆ ಹೊಸಬಳಲ್ಲ. ಜೊತೆಯಲ್ಲಿ ಮೊಮ್ಮಗಳಿರಬೇಕು, ಏಳೆಂಟು ವರ್ಷದ ಹುಡುಗಿ, ದಣಪೆಯ ಹತ್ತಿರವೇ ನಿಂತಿದ್ದಳು. ಮುದುಕಿ ಅವಳನ್ನು ತಮ್ಮ ಮಾತಿನಲ್ಲಿ ಏನೋ ಹೇಳಿ ಕರೆದಳು. ಅಷ್ಟೆ, ನಮ್ಮ ಹುಡುಗರು ತಕ್ಷಣ ಕಾಲಕೇಯರ ನಾಲಗೆಯಲ್ಲಿ ಉತ್ತರ ಕೊಟ್ಟು ಬಿದ್ದು ಬಿದ್ದು ನಕ್ಕರು.

ನಾನು ತಲೆಯೆತ್ತಿ ನೋಡಿದೆ. ನಿಜ ಹೇಳಬೇಕೆಂದರೆ, ನಾನೂ ಮುಗುಳ್ನಕ್ಕೆ. ಮಕ್ಕಳ ಚುರುಕುತನಕ್ಕೆ ತಂದೆಯಾದವನು ನಗುವ ನಗೆ ಅದು. ಅದರಲ್ಲಿ ಕೆಟ್ಟದ್ದಿತ್ತೆಂದು ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ. ಮುದುಕಿ ಮಕ್ಕಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನಮ್ ಮಾತ್ ನಿಮ್ಗ್ ಹಾಂಗಾ ಕೇಂಬುದ್, ಅಯ್ಯಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ನಾನು ಮಕ್ಕಳನ್ನು ಗದರಿಸಿದೆ, ಅಗತ್ಯವಿಲ್ಲದ ಎರಡು ಗೆರಸೆಗಳನ್ನು ಕೊಂಡೆ, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚು ಕೊಟ್ಟೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ.

ಆಮೇಲೆ ನನ್ನಂಥ ಮೇಷ್ಟರು ಮಾಡುವ ಕೆಲಸವನ್ನೇ ಮಾಡಿದೆ. ಆ ವಿಷಯವಾಗಿ ಓದತೊಡಗಿದೆ. ಮಕ್ಕಳು ಅಣಕಿಸಿದ ಭಾಷೆ ಬರಿಯ ಗದ್ದಲವಾಗಿರಲಿಲ್ಲ ಎಂಬುದು ಮೊದಲು ತಿಳಿದ ಸಂಗತಿ. ಅದಕ್ಕೆ 'ಕಿಲಿಕಿ' ಎಂದು ಹೆಸರು. ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ ಅವರು ಅದನ್ನು ಕಟ್ಟಿದರು. ಚಿತ್ರಕ್ಕಾಗಿ ಸುಮಾರು 750 ಪದಗಳನ್ನೂ 40 ವ್ಯಾಕರಣ ನಿಯಮಗಳನ್ನೂ ರಚಿಸಿದರೆಂದು ಆಗಿನ ಪತ್ರಿಕೆಗಳು ಬರೆದವು. ಇಲ್ಲದ ಜನಕ್ಕೆ ವಿಭಕ್ತಿ, ಕಾಲ, ವಚನಗಳನ್ನು ಹೊಂದಿಸಿಕೊಟ್ಟ ಶ್ರಮ ಅದು. ಅದರ ಅಂತರ್ಜಾಲ ತಾಣವನ್ನು ಲೋಕಕ್ಕೆ ತೆರೆದದ್ದು 2020ರ ಫೆಬ್ರವರಿ 21ರಂದು, ಅಂದರೆ ಅಂತಾರಾಷ್ಟ್ರೀಯ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ತಾಯ್ನುಡಿಗಾಗಿ ಪ್ರಾಣ ಕೊಟ್ಟವರ ನೆನಪಿನ ದಿನದಂದು, ತಾಯಿಯೇ ಇಲ್ಲದ ಭಾಷೆಯೊಂದಕ್ಕೆ ತೊಟ್ಟಿಲು ತೂಗಿದ ಹಾಗಾಯಿತು. ವ್ಯಂಗ್ಯವಾಗಿ ಹೇಳುತ್ತಿಲ್ಲ. ಭಾಷೆಯನ್ನು ಪ್ರೀತಿಸುವವರು ಮಾತ್ರ ಭಾಷೆಯನ್ನು ಕಟ್ಟಬಲ್ಲರು.

ಕಾಲಕೇಯರೆಂಬ ಹೆಸರು ನಮ್ಮ ಕರಾವಳಿಗೆ ಹಳೆಯದು. ಮಹಾಭಾರತದ ವನಪರ್ವದಲ್ಲಿ ಅರ್ಜುನನು ನಿವಾತಕವಚರನ್ನು ಗೆದ್ದು ಬರುವಾಗ ಆಕಾಶದಲ್ಲಿ ತೇಲುವ ಹಿರಣ್ಯಪುರವೆಂಬ ನಗರವನ್ನು ಕಾಣುತ್ತಾನೆ. ಕಾಲಕೇಯರು ಅಲ್ಲಿಯ ನಿವಾಸಿಗಳು. ಅನ್ಯಲೋಕದ ಜೀವಿಗಳೆಂದು ಇಂದಿನ ಚಿತ್ರಗಳು ತೋರಿಸುವ ಹಾರುವ ಊರು, ಹಾರುವ ಜನ ನಮಗೆ ಆಗಲೇ ಸಿದ್ಧವಾಗಿತ್ತು. ಆದರೆ ಯಕ್ಷಗಾನದ ರಂಗಸ್ಥಳದಲ್ಲಿ ಇವರು ಯಾವ ಭಾಷೆಯಾಡುತ್ತಾರೆ? ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುತ್ತ ಬರುತ್ತದೆ. ಎಳೆಯ ಮಕ್ಕಳು ಬೆಚ್ಚಿ ತಾಯಿಯ ಸೆರಗು ಹಿಡಿಯುತ್ತಾರೆ. ಆರ್ಭಟ ಮುಗಿದು ಅರ್ಥ ಹೇಳತೊಡಗಿದ ಮೇಲೆ ಆ ರಾಕ್ಷಸ ಆಡುವುದು ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡ. ದೇವೇಂದ್ರನ ಕನ್ನಡಕ್ಕೂ ಅವನ ಕನ್ನಡಕ್ಕೂ ಒಂದೇ ವ್ಯಾಕರಣ. ತನ್ನ ಪಕ್ಷದ ನ್ಯಾಯವನ್ನು ಅವನು ತಾಸುಗಟ್ಟಲೆ ವಾದಿಸುತ್ತಾನೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ದೇವತೆಗಳು ತಬ್ಬಿಬ್ಬಾಗುತ್ತಾರೆ. ಸಾಯುವುದಂತೂ ಸಾಯುತ್ತಾನೆ, ಆದರೆ ಮಾತಿನಲ್ಲಿ ಸೋತು ಸಾಯುವುದಿಲ್ಲ. ರಾತ್ರಿಯೆಲ್ಲ ಕುಳಿತು ನೋಡಿದ ನಮ್ಮ ಹಿರಿಯರು ಬೆಳಿಗ್ಗೆ ರಾಕ್ಷಸನ ಮಾತನ್ನೇ ಮೆಲುಕು ಹಾಕುತ್ತ ಮನೆಗೆ ಹೋಗುತ್ತಿದ್ದರು.

ಚಿತ್ರದ ಕಾಲಕೇಯನಿಗೆ ಈ ಭಾಗ್ಯವಿಲ್ಲ. ಅವನಿಗೆ ಸ್ವಂತದ ಭಾಷೆ ದೊರೆಯಿತು, ವಾದಿಸುವ ಅವಕಾಶ ತಪ್ಪಿತು. ಮೈಗೆ ಕಪ್ಪು ಬಳಿದು, ಹಲ್ಲು ಕೆಡಿಸಿ, ನೋಡುವವರಿಗೆ ಹೇಸಿಗೆಯೂ ಹೆದರಿಕೆಯೂ ಹುಟ್ಟಲೆಂದೇ ಅವನನ್ನು ನಿಲ್ಲಿಸಿದರು. ಅವನ ಮಾತಿಗೆ ನಲವತ್ತು ನಿಯಮಗಳಿವೆಯೆಂದು ನೋಡುಗನಿಗೆ ತಿಳಿಯುವುದು ಹೇಗೆ? ಅವನ ಕಿವಿಗೆ ಬೀಳುವುದು ಲೊಟಗುಟ್ಟುವ ನಾಲಗೆ ಮಾತ್ರ. ಒಂದು ಜನಕ್ಕೆ ವ್ಯಾಕರಣವನ್ನು ಕೊಟ್ಟೂ ಅವರ ಮನುಷ್ಯತ್ವವನ್ನು ಕಸಿದುಕೊಳ್ಳಬಹುದು ಎಂದು ಇದರಿಂದ ತಿಳಿದೆ.

ಈ ಬುದ್ಧಿ ಚಿತ್ರದವರು ಹೊಸದಾಗಿ ಕಂಡುಹಿಡಿದದ್ದಲ್ಲ. ತಮಗೆ ತಿಳಿಯದ ಭಾಷೆಯವರನ್ನು ಗ್ರೀಕರು ಬರ್ಬರರೆಂದು ಕರೆದರು. 'ಬರ್ ಬರ್' ಎಂದು ತೊದಲುವವರು ಎಂಬುದು ಅದರ ಮೂಲಭಾವ. ನಮ್ಮ 'ಮ್ಲೇಚ್ಛ' ಶಬ್ದಕ್ಕೂ ಅಸ್ಪಷ್ಟವಾಗಿ ನುಡಿಯುವವನೆಂದೇ ಮೊದಲ ಅರ್ಥ. ಪತಂಜಲಿಯ ಮಹಾಭಾಷ್ಯದಲ್ಲಿ ವ್ಯಾಕರಣವನ್ನು ಏಕೆ ಕಲಿಯಬೇಕೆಂದು ಹೇಳುವಾಗ ಅಸುರರ ಉದಾಹರಣೆ ಬರುತ್ತದೆ: ಶತ್ರುಗಳನ್ನು ಕೂಗಿ ಕರೆಯುವಾಗ ರಕಾರದ ಬದಲು ಲಕಾರ ಉಚ್ಚರಿಸಿದ್ದರಿಂದ ಅವರು ಸೋತರಂತೆ. ಒಂದಕ್ಷರದ ತಪ್ಪಿಗೆ ಒಂದು ಕುಲವೇ ಸೋತ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾವು ಮೇಷ್ಟರುಗಳು ಎಷ್ಟು ಖುಷಿಪಡುತ್ತೇವೆ! ರಕಾರ ಲಕಾರವಾಗುವುದು ಅವರ ಪ್ರಾಂತದ ಸಹಜವಾದ ಉಚ್ಚಾರವಿದ್ದೀತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕಥೆಯ ನೀತಿ ಕೆಡುತ್ತದೆ.

ಆದರೆ ಅದೇ ಪರಂಪರೆಯಲ್ಲಿ ಇದಕ್ಕೆ ಎದುರಾದ ಇನ್ನೊಂದು ಕಥೆಯೂ ಇದೆ. ಅದು ಪಿಶಾಚಿಗಳ ಭಾಷೆಯ ಕಥೆ. ಸಾತವಾಹನ ರಾಜನಿಗೆ ಸಂಸ್ಕೃತ ಕಲಿಸುವ ಪಂತದಲ್ಲಿ ಸೋತ ಗುಣಾಢ್ಯನು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತ್ಯಜಿಸಿ ಮೂಕನಂತೆ ವಿಂಧ್ಯದ ಕಾಡು ಸೇರಿದನೆಂದೂ ಅಲ್ಲಿ ಪಿಶಾಚಿಗಳ ಮಾತನ್ನು ಕಲಿತನೆಂದೂ ಕಥಾಸರಿತ್ಸಾಗರ ಹೇಳುತ್ತದೆ. ಆ ಮಾತಿನಲ್ಲಿ ಅವನು ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ತನ್ನ ರಕ್ತದಿಂದ ಬರೆದ. ಪಿಶಾಚಿಯ ಭಾಷೆ, ರಕ್ತದ ಮಸಿ ಎಂದು ರಾಜ ಅದನ್ನು ತಳ್ಳಿದ. ಗುಣಾಢ್ಯ ಬೆಂಕಿ ಹಾಕಿ ಒಂದೊಂದೇ ಎಲೆಯನ್ನು ಓದಿ ಓದಿ ಸುಡುತ್ತಿದ್ದರೆ ಕಾಡಿನ ಮೃಗಗಳು ಮೇಯುವುದನ್ನು ಮರೆತು ಸುತ್ತ ನಿಂತು ಕಣ್ಣೀರಿಟ್ಟವು. ಮೃಗಗಳು ಬಡಕಲಾಗಿ ಅರಮನೆಯ ಅಡುಗೆಗೆ ಒಳ್ಳೆಯ ಮಾಂಸ ಸಿಕ್ಕದೆ ಹೋದಾಗಲೇ ರಾಜನಿಗೆ ಎಚ್ಚರವಾದದ್ದು. ಅವನು ಓಡಿ ಬರುವಷ್ಟರಲ್ಲಿ ಆರು ಲಕ್ಷ ಬೂದಿಯಾಗಿ ಒಂದು ಲಕ್ಷ ಉಳಿದಿತ್ತು.

ಪೈಶಾಚಿಯು ನಿಜವಾದ ಜನರ ನುಡಿಯಾಗಿತ್ತೆ, ಕವಿಗಳು ಕಟ್ಟಿದ್ದೆ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಬೃಹತ್ಕಥೆಯ ಮೂಲವಂತೂ ಉಳಿದಿಲ್ಲ. ಆದರೆ ಅದರ ಗೌರವ ನೋಡಿ: ದಂಡಿ ಅದನ್ನು ಭೂತಭಾಷೆಯ ಕೃತಿಯೆಂದು ಹೆಸರಿಸಿ ಮನ್ನಿಸಿದ, ಹೇಮಚಂದ್ರ ಆ ಭಾಷೆಗೆ ವ್ಯಾಕರಣಸೂತ್ರಗಳನ್ನು ಬರೆದ, ನಮ್ಮ ಗಂಗರ ದೊರೆ ದುರ್ವಿನೀತ ಆ ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಪಿಶಾಚಿಗಳಿಗೂ ಹೇಳಲು ಕಥೆಯಿದೆ, ಕೇಳುವ ಪುಣ್ಯ ನಮಗಿದ್ದರೆ ಎಂಬ ಅರಿವು ಆ ಕಾಲದವರಿಗಿತ್ತು. ಅರಸು ಕೇಳದ್ದನ್ನು ಜಿಂಕೆಗಳು ಕೇಳಿದವು ಎಂಬಲ್ಲಿ ಕಥೆಗಾರನ ಕಣ್ಣು ಯಾರ ಮೇಲಿದೆಯೆಂದು ಬಿಡಿಸಿ ಹೇಳಬೇಕೆ?

ಈ ಗುಣಾಢ್ಯನ ಕೆಲಸವನ್ನು ನಮ್ಮ ಕಾಲದಲ್ಲಿ ಮಾಡಿದವನೊಬ್ಬ ಅಮೆರಿಕದಲ್ಲಿದ್ದಾನೆ. 'ಸ್ಟಾರ್ ಟ್ರೆಕ್' ಎಂಬ ಅಂತರಿಕ್ಷದ ಕಥಾಮಾಲಿಕೆಯಲ್ಲಿ ಕ್ಲಿಂಗನ್ನರೆಂಬ ಯುದ್ಧಪ್ರಿಯ ಅನ್ಯಗ್ರಹವಾಸಿಗಳು ಬರುತ್ತಾರೆ. 1979ರ ಚಿತ್ರದಲ್ಲಿ ಅವರ ಬಾಯಿಗೆ ಕೆಲವು ಗಡಸು ದನಿಗಳನ್ನಷ್ಟೆ ಹಾಕಿದ್ದರು. 1984ರ ಚಿತ್ರದ ಹೊತ್ತಿಗೆ ಮಾರ್ಕ್ ಒಕ್ರಾಂಡ್ ಎಂಬ ಭಾಷಾವಿಜ್ಞಾನಿಯನ್ನು ಕರೆಸಿ ಆ ದನಿಗಳಿಗೆ ಒಂದು ಪೂರ್ಣ ಭಾಷೆಯನ್ನು ಕಟ್ಟಿಸಿದರು. 1985ರಲ್ಲಿ ಅದರ ನಿಘಂಟು ಅಚ್ಚಾಯಿತು. 1996ರಲ್ಲಿ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ಆ ಭಾಷೆಗೆ ಹೋಯಿತು. ಮನುಷ್ಯರದಲ್ಲದ ಭಾಷೆ ಮನುಷ್ಯರ ಭಾಷೆಯಂತಿರಬಾರದೆಂದು ಒಕ್ರಾಂಡ್ ವಾಕ್ಯದ ಕ್ರಮವನ್ನು ತಿರುಗಿಸಿದ: ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ಲೋಕದ ಭಾಷೆಗಳಲ್ಲಿ ಬಹು ವಿರಳವಾದ ಕ್ರಮ ಇದು. ತರಗತಿಯಲ್ಲಿ ಇದನ್ನು ಹೇಳಿ, 'ಬೆಕ್ಕನ್ನು ಕಂಡಿತು ನಾಯಿ' ಎಂದು ಹಲಗೆಯ ಮೇಲೆ ಬರೆದೆ. ವಿದ್ಯಾರ್ಥಿಗಳಿಗೆ ಏನೂ ವಿಚಿತ್ರವೆನಿಸಲಿಲ್ಲ. ವಿಭಕ್ತಿ ಪ್ರತ್ಯಯವುಳ್ಳ ಕನ್ನಡದಲ್ಲಿ ಅದು ಸಲ್ಲುತ್ತದೆ; ಭಾಗವತರ ಪದ್ಯಗಳಲ್ಲಿ ನಿತ್ಯ ಕೇಳುತ್ತೇವೆ. ಒಬ್ಬನ ಅನ್ಯಗ್ರಹ ಇನ್ನೊಬ್ಬನ ಅಂಗಳವಾಗಿರುತ್ತದೆ.

ಒಕ್ರಾಂಡನ ಬದುಕಿನ ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. 1977ರಲ್ಲಿ ಅವನು ಡಾಕ್ಟರೇಟಿಗಾಗಿ ಬರೆದ ಪ್ರಬಂಧ ಮುಟ್ಸುನ್ ಎಂಬ ಭಾಷೆಯ ವ್ಯಾಕರಣ. ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಭಾಷೆ ಅದು. ಅದನ್ನು ನಿರರ್ಗಳವಾಗಿ ಬಲ್ಲ ಕೊನೆಯ ಹೆಂಗಸು 1930ರಲ್ಲಿ ತೀರಿಕೊಂಡಳು. ಅವಳು ಹಾಸಿಗೆ ಹಿಡಿದಿದ್ದಾಗ ಹ್ಯಾರಿಂಗ್ಟನ್ ಎಂಬ ಸಂಶೋಧಕ ಪಕ್ಕದಲ್ಲಿ ಕುಳಿತು ಬರೆದುಕೊಂಡ ಟಿಪ್ಪಣಿಗಳು ಮತ್ತು ಹಿಂದಿನ ಒಬ್ಬ ಪಾದ್ರಿಯ ಬರೆಹಗಳು ಉಳಿದಿದ್ದವು. ಒಕ್ರಾಂಡ್ ಅವುಗಳಿಂದ ವ್ಯಾಕರಣವನ್ನು ಕಟ್ಟಿದ. ಏಳು ವರ್ಷಗಳಾದ ಮೇಲೆ ಅದೇ ಕೈ ಎಂದೂ ಹುಟ್ಟದ ಜನಕ್ಕೆ ಭಾಷೆ ಕಟ್ಟಿತು. ಎರಡನೆಯದನ್ನು ಲಕ್ಷಾಂತರ ಜನ ಬಲ್ಲರು. ಮೊದಲನೆಯದರ ಹೆಸರನ್ನು ಕೇಳಿದವರೇ ಕಡಿಮೆ. ಆದರೆ ಮುಟ್ಸುನ್ ಜನರ ಮೊಮ್ಮಕ್ಕಳು ತಮ್ಮ ನುಡಿಯನ್ನು ಮತ್ತೆ ಕಲಿಯಹೊರಟಾಗ ಅವರ ಕೈಗೆ ಒದಗಿದ್ದು ಆ ಹಳೆಯ ಪ್ರಬಂಧ. ಕ್ಲಿಂಗನ್ನರಿಗೆ ಇಂಥ ಮೊಮ್ಮಕ್ಕಳಿಲ್ಲ. ಅಮೆರಿಕದ ಭಾಷಾಶಾಸ್ತ್ರಜ್ಞನೊಬ್ಬ ತನ್ನ ಮಗನೊಡನೆ ಮೊದಲ ಮೂರು ವರ್ಷ ಕ್ಲಿಂಗನ್ ಭಾಷೆಯನ್ನೇ ಆಡಿದನಂತೆ. ಮನೆಯಲ್ಲಿ ಮಗುವಿಗೆ ದಿನವೂ ಬೇಕಾದ ಎಷ್ಟೋ ವಸ್ತುಗಳಿಗೆ ಆ ಯುದ್ಧದ ಭಾಷೆಯಲ್ಲಿ ಹೆಸರಿರಲಿಲ್ಲ. ಮಗು ಕೊನೆಗೆ ಅದನ್ನು ಬಿಟ್ಟು ತಾಯಿಯ ಇಂಗ್ಲಿಷನ್ನೇ ಹಿಡಿಯಿತು. ನಿಘಂಟು ಎಷ್ಟು ದಪ್ಪವಿದ್ದರೂ ಅದರೊಳಗಿಂದ ಯಾರೂ ಮಗುವನ್ನು ಊಟಕ್ಕೆ ಕರೆದಿರಲಿಲ್ಲ.

ಇಷ್ಟನ್ನು ಓದಿದ ಮೇಲೆ ನನ್ನ ಪ್ರಶ್ನೆ ಸ್ವಲ್ಪ ಸ್ಪಷ್ಟವಾಯಿತು. ಇಲ್ಲದವರಿಗಾಗಿ ಭಾಷೆ ಕಟ್ಟುವವನು ಒಂದು ದೊಡ್ಡ ಔದಾರ್ಯದಿಂದ ಹೊರಡುತ್ತಾನೆ: ಈ ಅಪರಿಚಿತನ ಗದ್ದಲದೊಳಗೆ ಕ್ರಮವಿದೆ, ಇವನಿಗೂ ನಿನ್ನೆ ನಾಳೆಗಳಿವೆ, 'ನಾನು' 'ನೀನು' ಎಂಬ ಭೇದವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತಾನೆ. ನೀತಿಯ ಮೊದಲ ಪಾಠವೂ ಇದೇ ಅಲ್ಲವೆ? ಎದುರಿನವನ ಮಾತು ತಿಳಿದ ಮೇಲೆ ಅವನನ್ನು ಗೌರವಿಸುವುದು ವ್ಯವಹಾರ. ತಿಳಿಯುವುದಕ್ಕೆ ಮೊದಲೇ, ಅದರಲ್ಲಿ ಅರ್ಥವಿದೆಯೆಂದು ನಂಬಿ ಸುಮ್ಮನೆ ನಿಲ್ಲುವುದು ಧರ್ಮ. ಈ ಔದಾರ್ಯವನ್ನು ನಾವು ನಕ್ಷತ್ರಲೋಕದವರಿಗೆ ಧಾರಾಳವಾಗಿ ಕೊಡುತ್ತೇವೆ. ದಣಪೆಯಾಚೆ ನಿಂತವರಿಗೆ ಕೊಡುವುದಕ್ಕೆ ಕೈ ಏಳುವುದಿಲ್ಲ. 'ಇಲ್ಲದವರು' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥವಿದೆ. ಲೋಕದಲ್ಲೇ ಇಲ್ಲದವರು ಎಂದು ಒಂದು, ಕೈಯಲ್ಲಿ ಏನೂ ಇಲ್ಲದವರು ಎಂದು ಇನ್ನೊಂದು. ಮೊದಲನೆಯವರಿಗೆ ನಾವು ವ್ಯಾಕರಣ ಬರೆದುಕೊಡುತ್ತೇವೆ. ಎರಡನೆಯವರಿಗೆ ವ್ಯಾಕರಣವಿದೆಯೆಂಬುದೇ ನಮಗೆ ಸುದ್ದಿ.

ನನಗೂ ಅದು ಸುದ್ದಿಯಾಗಿತ್ತು. ಕೊರಗರ ಮಾತೆಂದರೆ ಮುರಿದ ತುಳುವೋ ಕೆಟ್ಟ ಕನ್ನಡವೋ ಇರಬೇಕೆಂದು, ಇಲ್ಲವೆ ಹೊರಗಿನವರಿಗೆ ತಿಳಿಯಬಾರದೆಂದು ಮಾಡಿಕೊಂಡ ಗುಪ್ತಭಾಷೆಯೆಂದು ಚಿಕ್ಕಂದಿನಿಂದ ಕೇಳಿದ್ದೆ. ಎಂ.ಎ. ಮುಗಿಸಿ ಎಷ್ಟೋ ವರ್ಷ ಪಾಠ ಹೇಳಿದ ಮೇಲೂ ಅದೇ ನಂಬಿಕೆ. ಡಿ. ಎನ್. ಶಂಕರ ಭಟ್ಟರು ಆ ಭಾಷೆಯನ್ನು ಕುಳಿತು ಕೇಳಿ, ಅದರ ಧ್ವನಿ, ಪದ, ವಾಕ್ಯಗಳನ್ನು ವಿಶ್ಲೇಷಿಸಿ ಬರೆದ ಗ್ರಂಥ 1971ರಲ್ಲೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಗಿತ್ತು. ಅದು ತನ್ನದೇ ನಿಯಮಗಳುಳ್ಳ ಒಂದು ದ್ರಾವಿಡ ಭಾಷೆ. ಅದರೊಳಗೇ ಬೇರೆ ಬೇರೆ ಉಪಭಾಷೆಗಳೂ ಇವೆ. ನನ್ನ ಊರಿನ ಭಾಷೆಯ ವ್ಯಾಕರಣ ನಾನು ಹುಟ್ಟುವ ಮೊದಲೇ ಅಚ್ಚಾಗಿತ್ತು. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಒಪ್ಪಿಸಬಲ್ಲ ನಾನು ಅದರ ಹೆಸರನ್ನೂ ಕೇಳಿರಲಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕೊರಗರ ಸಂಖ್ಯೆ ಹದಿನೈದು ಸಾವಿರದ ಆಸುಪಾಸು. ಊರಿನ ಉತ್ಸವಗಳಿಗೆ ಅವರ ಡೋಲು ಬೇಕಿತ್ತು, ಅವರು ಮಾತ್ರ ದೂರ ನಿಲ್ಲಬೇಕಿತ್ತು. ಅವರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಸರ್ಕಾರ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಕಾನೂನು ಬಂದು ಹೇಳುವವರೆಗೆ ನಮ್ಮ ಊರುಗಳಿಗೆ ಅದು ತಪ್ಪೆಂದು ತೋರಿರಲಿಲ್ಲ. ಒಬ್ಬನ ಮಾತನ್ನು ಬರಿಯ ಸದ್ದೆಂದು ಕೇಳಲು ಕಲಿತ ಕಿವಿಗೆ ಅವನ ಅಳುವೂ ಬರಿಯ ಸದ್ದಾಗಿಯೇ ಕೇಳಿಸುತ್ತದೆಯೆಂದು ಕಾಣುತ್ತದೆ. ನಮ್ಮ ಜಗಲಿಯ ನಗೆಗೂ ಆ ಪದ್ಧತಿಗೂ ಎಷ್ಟು ದೂರ? ದೂರವಿದೆ ಎಂದು ನಾನು ಎಷ್ಟು ಸಲ ಸಮಾಧಾನ ಮಾಡಿಕೊಂಡರೂ, ಎರಡೂ ಒಂದೇ ದಾರಿಯ ಮೇಲಿವೆ ಎಂಬುದನ್ನು ಅಲ್ಲಗಳೆಯಲಾರೆ.

ಇಲ್ಲಿ ಓದುಗರು ಒಂದು ಮಾತು ಕೇಳಬಹುದು. ಮಕ್ಕಳ ಆಟಕ್ಕೆ ಇಷ್ಟು ಭಾರ ಹೊರಿಸಬೇಕೆ? ನಾವೂ ಚಿಕ್ಕಂದಿನಲ್ಲಿ ಅಕ್ಷರಕ್ಕೊಂದು 'ಕ' ಸೇರಿಸಿ ಕ-ಭಾಷೆಯಾಡಿ ದೊಡ್ಡವರಿಂದ ಗುಟ್ಟು ಮುಚ್ಚಿಟ್ಟವರಲ್ಲವೆ? ಹೌದು. ಭಾಷೆ ಕಟ್ಟುವ ಆಟದಲ್ಲಿ ದೋಷವಿಲ್ಲ. ಇನ್ನೂ ಹೆಚ್ಚು ಮಕ್ಕಳು ಅದನ್ನು ಆಡಲೆಂದೇ ನನ್ನ ಆಸೆ. ಸ್ವತಃ ಒಂದು ಭಾಷೆ ಕಟ್ಟಲು ಹೊರಟ ಹುಡುಗನಿಗೆ ಬಹುವಚನ ಹೇಗೆ, ನಿಷೇಧ ಹೇಗೆ ಎಂಬ ಕಷ್ಟಗಳು ಎದುರಾಗುತ್ತವೆ. ಆಗ ಅವನಿಗೆ ಲೋಕದ ಎಲ್ಲ ಭಾಷೆಗಳ ಬಗ್ಗೆಯೂ ಬೆರಗು ಹುಟ್ಟೀತು. ನನ್ನ ಮಗ ಅಂದು ಭಾಷೆ ಕಟ್ಟುತ್ತಿರಲಿಲ್ಲ, ಕಟ್ಟಿದ್ದನ್ನು ಕಲಿಯುತ್ತಲೂ ಇರಲಿಲ್ಲ. ಅರ್ಥವಿರುವ ಎರಡು ಭಾಷೆಗಳನ್ನು ಒಟ್ಟಿಗೆ ಅರ್ಥವಿಲ್ಲದ್ದು ಮಾಡಿ ನಗುತ್ತಿದ್ದ. ಅವನಿಗೆ ಏಳು ವರ್ಷ. ನನಗೆ ಮೂವತ್ತು ದಾಟಿತ್ತು.

ನಾನು ನಗಬಾರದಾಗಿತ್ತು ಎನ್ನಲು ಇನ್ನೊಂದು ಕಾರಣವಿದೆ. ಬೈಂದೂರಿನ ಕಡೆಯ ಹುಡುಗನಾಗಿ ಓದಲು ಮೈಸೂರಿಗೆ ಹೋದಾಗ ನಾನೇ ಆ ದಣಪೆಯ ಬಳಿ ನಿಂತಿದ್ದೆ. ವಿದ್ಯಾರ್ಥಿನಿಲಯದಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಹತ್ತು ಜನ ಅದನ್ನೇ ಎಳೆದು ಎಳೆದು ಆಡುತ್ತಿದ್ದರು. "ಅದು ಕನ್ನಡವೇನಯ್ಯ?" ಎಂದು ಒಬ್ಬ ಕೇಳಿದ್ದ. ಮೂರು ತಿಂಗಳಲ್ಲಿ ನಾನು ಪುಸ್ತಕದ ಕನ್ನಡ ಕಲಿತೆ. ಆಮೇಲೆ ಅದನ್ನೇ ಕಲಿಸುವ ಉದ್ಯೋಗ ಹಿಡಿದೆ. ಈಗ ಆಸಾಡಿ ಅಮಾಸೆಯಂದು ಕುಂದಾಪ್ರ ಕನ್ನಡದ ದಿನವನ್ನು ಆಚರಿಸುತ್ತಾರೆ. ಸಭೆಗಳಲ್ಲಿ ನಮ್ಮ ಮಾತಿಗೆ ಚಪ್ಪಾಳೆ ಬೀಳುತ್ತದೆ. ಸಂತೋಷವೇ. ಆದರೆ ಯಕ್ಷಗಾನದಲ್ಲಿ ದೇವರೂ ರಾಕ್ಷಸರೂ ಗ್ರಾಂಥಿಕ ಕನ್ನಡವಾಡುವಾಗ ಈ ಮನೆಮಾತನ್ನು ಆಡಲು ಬಿಟ್ಟದ್ದು ಹಾಸ್ಯಗಾರನಿಗೆ ಮಾತ್ರ ಎಂಬುದನ್ನು ನಾವು ಮರೆಯುವಂತಿಲ್ಲ. ನಗೆಗೆ ಗುರಿಯಾದವನಿಗೆ ಆ ನೋವು ಗೊತ್ತಿರಬೇಕು. ಗೊತ್ತಿದ್ದೂ, ತನಗಿಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬರು ಸಿಕ್ಕ ಕೂಡಲೇ ಅವನು ನಗುವವರ ಸಾಲಿಗೆ ಸೇರಿಬಿಡುತ್ತಾನೆ. ನಮ್ಮ ಸಮಾಜದ ಏಣಿ ಇಷ್ಟು ಕಾಲ ಮುರಿಯದೆ ನಿಂತಿರುವುದು ಹೀಗೆಯೇ ಏನೋ.

ಹಾಗಾದರೆ ಪರಿಹಾರವೇನು? ಕೊರಗರು ತಮ್ಮ ಭಾಷೆಯನ್ನು ಉಳಿಸಿಕೊಳ್ಳಬೇಕೆಂದು ಉಪದೇಶ ಮಾಡುವ ಹಕ್ಕು ನನಗಿದೆಯೆ? ಇಲ್ಲವೆಂದೇ ತೋರುತ್ತದೆ. ಅವರಿಗೆ ಭೂಮಿ ಬೇಕು, ಶಾಲೆ ಬೇಕು, ಆಸ್ಪತ್ರೆ ಬೇಕು. ಅವರ ಮಕ್ಕಳು ಕನ್ನಡ ಇಂಗ್ಲಿಷುಗಳನ್ನು ಕಲಿತು ಮೇಲೆ ಬರಬೇಕೆಂದರೆ, ಮೈಸೂರಿನಲ್ಲಿ ನಾನು ಮಾಡಿದ್ದನ್ನೇ ಅವರು ಮಾಡಿದಂತಾಯಿತು. ಅದನ್ನು ತಪ್ಪೆನ್ನಲು ನಾನಾರು? ಭಾಷೆಯನ್ನು ಉಳಿಸುವುದೂ ಬಿಡುವುದೂ ಅದನ್ನಾಡುವವರಿಗೆ ಸೇರಿದ ವಿಚಾರ. ಆದರೆ ನಾಚಿಕೆಯಿಂದ ಬಿಡುವುದು ಬೇರೆ, ಇಷ್ಟಪಟ್ಟು ಬಿಡುವುದು ಬೇರೆ. ಅಂದು ದಣಪೆಯ ಬಳಿ ನಿಂತಿದ್ದ ಹುಡುಗಿ ಅಜ್ಜಿಯ ಕರೆಗೆ ಓಗೊಡಲಿಲ್ಲ. ನಮ್ಮ ನಗೆಯ ಮುಂದೆ ತನ್ನ ಭಾಷೆಯಲ್ಲಿ ಉತ್ತರಿಸಲು ಅವಳಿಗೆ ಬಾಯಿ ಬಂದಿರಲಾರದು. ಆ ನಾಚಿಕೆಯನ್ನು ಅವಳಿಗೆ ಕೊಟ್ಟವರು ನಾವು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಜವಾಬ್ದಾರಿಯೂ ನಮ್ಮದೇ.

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಆ ಮುದುಕಿ ಮತ್ತೆ ಬಂದಿದ್ದಳು. ಬೆನ್ನು ಬಾಗಿದೆ, ಜೊತೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಹಿಂದೆ ಯಾರೂ ಅವರನ್ನು ಬಹುವಚನದಲ್ಲಿ ಮಾತಾಡಿಸಿದವರಲ್ಲ. ಈ ಬರೆಹದಲ್ಲೇ ನಾನು ಇಲ್ಲಿಯವರೆಗೆ 'ಬಂದಳು', 'ಕೇಳಿದಳು' ಎಂದೇ ಬರೆದುಕೊಂಡು ಬಂದಿದ್ದೇನೆ. ಗಮನಿಸಿದ ಓದುಗರು ಕ್ಷಮಿಸಬೇಕು. ಅಭ್ಯಾಸವಿಲ್ಲದ ನಾಲಗೆಯನ್ನು ತಿದ್ದಿಕೊಂಡು, "ಕೂತ್ಕಣಿ ಅಜ್ಜಿ" ಎಂದೆ. ಅವರು ಜಗಲಿಯ ಅಂಚಿನಲ್ಲಿ ಕುಳಿತರು. ಗೆರಸೆಯೊಂದನ್ನು ಕೈಗೆತ್ತಿಕೊಂಡು, "ಇದಕ್ಕೆ ನಿಮ್ಮ ಮಾತಲ್ಲಿ ಎಂತ ಹೇಳುದು?" ಎಂದು ಕೇಳಿದೆ. ಹತ್ತು ವರ್ಷದಿಂದ ಕೇಳಬೇಕೆಂದುಕೊಂಡ ಪ್ರಶ್ನೆ ಅದು. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು.

ಅವರು ನನ್ನ ಮುಖವನ್ನೊಮ್ಮೆ ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ನಿಮ್ಗ್ ಎಂತಕ್ಕೆ ಅಯ್ಯಾ ಅದ್?" ಎಂದರು.

ಮೊದಲು ಪೆಚ್ಚಾದೆ. ಆಮೇಲೆ ಅವರು ಹೇಳಿದ್ದು ಸರಿಯೆನಿಸಿತು. ಕ್ಲಿಂಗನ್ನರ ಪದ ಬೇಕೆಂದರೆ ನಿಘಂಟು ತೆರೆದರಾಯಿತು. ಆ ಜನ ಬೇಡವೆನ್ನಲಾರರು. ಈ ಪದಕ್ಕೆ ಒಡತಿಯಿದ್ದಾರೆ. ಕೊಡುವುದೂ ಬಿಡುವುದೂ ಅವರ ಇಷ್ಟ. ಒಮ್ಮೆ ನಕ್ಕ ಮನೆಗೆ ಮನೆಯೊಳಗಿನ ಮಾತನ್ನು ಅಷ್ಟು ಸುಲಭವಾಗಿ ಕೊಡಬೇಕೇಕೆ? ನಾನು ಮತ್ತೆ ಕೇಳಲಿಲ್ಲ. ಒಳಗಿನಿಂದ ಚಹಾ ತರಿಸಿದೆ. ಕಾಲೇಜು ಓದುತ್ತಿರುವ ಮಗನೇ ಲೋಟ ತಂದು ಅವರ ಕೈಗೆ ಕೊಟ್ಟ. ಅವನಿಗೆ ಆ ಮಳೆಯ ದಿನ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ.

ಚಹಾ ಕುಡಿದು ಎದ್ದವರು ದಣಪೆ ದಾಟುವಾಗ ಯಾರನ್ನೋ ಕಂಡು, ದಾರಿಯಾಚೆಯಿಂದಲೇ, ಗಟ್ಟಿಯಾಗಿ ಏನೋ ಕೂಗಿ ಹೇಳಿದರು. ಅತ್ತಲಿಂದ ಹೆಂಗಸಿನ ದನಿಯೊಂದು ಅದೇ ಮಾತಿನಲ್ಲಿ ಉತ್ತರ ಕೊಟ್ಟಿತು. ಇಬ್ಬರೂ ನಕ್ಕರು. ಒಂದಕ್ಷರವೂ ನನಗೆ ತಿಳಿಯಲಿಲ್ಲ.